ಡಿಸರ್ಟೇಷನ್‌ಗೆ ಯಾವ ವಿಧಾನ? ಕೊಡಗಿನ ಪಿ.ಜಿ. ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಪಿ.ಜಿ. ಎರಡನೇ ವರ್ಷಕ್ಕೆ ಬಂದ ಕೂಡಲೇ ಡಿಸರ್ಟೇಷನ್ ಮಾತು ಶುರುವಾಗುತ್ತದೆ. ವಿಷಯ ಏನು ಅಂತ ಕೇಳಿದರೆ 'ಕಾಫಿ ತೋಟದ ಕಾರ್ಮಿಕರು' ಅನ್ನುತ್ತಾರೆ. ವಿಧಾನ? 'ಪ್ರಶ್ನಾವಳಿ, 100 ಜನ.' ನೂರೇ ಯಾಕೆ ಅಂದರೆ, ಹಿಂದಿನ ಬ್ಯಾಚಿನವರು ನೂರು ತೆಗೆದುಕೊಂಡಿದ್ದರು, ಅಷ್ಟೇ. ಆ ನೂರು ಜನರಿಂದ ನಿಮಗೆ ಏನು ಗೊತ್ತಾಗಬೇಕು ಅಂತ ಕೇಳಿದಾಗ ಮಾತ್ರ ಉತ್ತರ ಬರುವುದಿಲ್ಲ.

ನೀವು ಮಡಿಕೇರಿಯಲ್ಲಿ ಓದುತ್ತಿರಲಿ, ಚಿಕ್ಕಅಳುವಾರದ ಕ್ಯಾಂಪಸ್‌ನಲ್ಲಿರಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿರಲಿ, ನಾನು ಹೇಳುವುದು ಒಂದೇ. ವಿಧಾನವನ್ನು ಮೊದಲು ಆರಿಸಬೇಡಿ. ಮೊದಲು ಪ್ರಶ್ನೆ ಬರೆಯಿರಿ. ಆ ಪ್ರಶ್ನೆಗೆ ಉತ್ತರ ಯಾರ ಹತ್ತಿರ ಇದೆ, ಯಾವ ರೂಪದಲ್ಲಿದೆ ಅಂತ ಹುಡುಕಿ. ಅಷ್ಟು ಗೊತ್ತಾದರೆ ವಿಧಾನ ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

ಹೆಜ್ಜೆ 1: ವಿಷಯದಿಂದ ಪ್ರಶ್ನೆಗೆ ಬನ್ನಿ

'2018ರ ಭೂಕುಸಿತ' ಅನ್ನುವುದು ವಿಷಯ, ಪ್ರಶ್ನೆ ಅಲ್ಲ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ನಮಗೆಲ್ಲ ಗೊತ್ತು. ಆ ಒಂದೇ ವಿಷಯದಿಂದ ಎಷ್ಟು ಬಗೆಯ ಪ್ರಶ್ನೆ ಹುಟ್ಟುತ್ತವೆ ನೋಡಿ.

ಯಾವ ಬಗೆಯ ಇಳಿಜಾರು ಜಾಸ್ತಿ ಜಾರಿತು? ಇದಕ್ಕೆ ಉಪಗ್ರಹ ಚಿತ್ರ, ನಕ್ಷೆ, ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ವಿಶ್ಲೇಷಿಸುವ ವ್ಯವಸ್ಥೆ) ಬೇಕು. ಪ್ರಶ್ನಾವಳಿ ಹಿಡಿದು ಮನೆ ಮನೆ ಸುತ್ತಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಪುನರ್ವಸತಿ ಮನೆಗಳಿಗೆ ಬಂದವರಲ್ಲಿ ಎಷ್ಟು ಮಂದಿ ಈಗಲೂ ಹಳೆಯ ಕೆಲಸಕ್ಕೇ ಹೋಗುತ್ತಿದ್ದಾರೆ? ಇದು ಎಣಿಸುವ ಪ್ರಶ್ನೆ, ಸರ್ವೆ ಮಾಡಬೇಕು. ಮನೆ, ತೋಟ ಎರಡೂ ಹೋದವರು ಹೊಸ ಬಡಾವಣೆಯನ್ನು ತಮ್ಮ ಊರು ಅಂದುಕೊಂಡಿದ್ದಾರಾ? ಇದಕ್ಕೆ ಟಿಕ್ ಹಾಕುವ ಚೌಕ ಸಾಲುವುದಿಲ್ಲ, ಕೂತು ಮಾತಾಡಬೇಕು. ಪರಿಹಾರದ ನಿಯಮಗಳು ಯಾವಾಗ, ಹೇಗೆ ಬದಲಾದವು? ಇದಕ್ಕೆ ಸರ್ಕಾರಿ ಆದೇಶ ಮತ್ತು ಆ ದಿನಗಳ ಪತ್ರಿಕೆ ಓದಬೇಕು.

ನಾಲ್ಕು ಪ್ರಶ್ನೆ, ನಾಲ್ಕು ವಿಧಾನ. ನಾಲ್ಕನ್ನೂ ಒಂದೇ ಡಿಸರ್ಟೇಷನ್‌ನಲ್ಲಿ ತುಂಬಿಸಲು ಹೋಗಬೇಡಿ. ಒಂದನ್ನು ಹಿಡಿಯಿರಿ.

ಇನ್ನೊಂದು ಮಾತು. ಶೀರ್ಷಿಕೆಯಲ್ಲಿ 'ಪರಿಣಾಮ' ಅಂತ ಸುಮ್ನೆ ಹಾಕಬೇಡಿ. 'ಹೋಂಸ್ಟೇಯಿಂದ ಸ್ಥಳೀಯ ಆದಾಯದ ಮೇಲೆ ಪರಿಣಾಮ' ಅಂತ ಬರೆದ ಮೇಲೆ ಹೋಲಿಕೆ ಬೇಕೇ ಬೇಕು. ಹೋಂಸ್ಟೇ ಶುರುವಾಗುವ ಮೊದಲಿನ ಲೆಕ್ಕ ಇರಬೇಕು, ಇಲ್ಲವೇ ಹೋಂಸ್ಟೇ ಇಲ್ಲದ ಮನೆಗಳನ್ನೂ ಕೇಳಬೇಕು. ಬರೀ ಹೋಂಸ್ಟೇ ಮಾಲೀಕರನ್ನು ಮಾತಾಡಿಸಿ ಪರಿಣಾಮ ಗೊತ್ತಾಯಿತು ಅಂದರೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ. ಅಷ್ಟು ಮಾಡಲು ಸಮಯ ಇಲ್ಲವಾ? 'ಹೋಂಸ್ಟೇ ಮಾಲೀಕರು ಆದಾಯದ ಬದಲಾವಣೆಯನ್ನು ಹೇಗೆ ವಿವರಿಸುತ್ತಾರೆ' ಅಂತ ಪ್ರಶ್ನೆ ಬದಲಿಸಿಕೊಳ್ಳಿ. ಅದೂ ಒಳ್ಳೆಯ ಸಂಶೋಧನೆಯೇ.

ಹೆಜ್ಜೆ 2: ಈಗಾಗಲೇ ಇರುವುದನ್ನು ನೋಡಿ

ಹೊಸದಾಗಿ ಮಾಹಿತಿ ಸಂಗ್ರಹಿಸುವ ಮೊದಲು ಇರುವ ಮಾಹಿತಿಯನ್ನು ಹುಡುಕಿ. ಶೋಧಗಂಗಾ ಅನ್ನುವ ವೆಬ್‌ಸೈಟ್‌ನಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಮೂರು ನಾಲ್ಕು ಪ್ರಬಂಧ ಇಳಿಸಿಕೊಂಡು ವಿಧಾನದ ಅಧ್ಯಾಯ ಮಾತ್ರ ಓದಿ. ಅವರು ಯಾರನ್ನು ಕೇಳಿದರು, ಯಾಕೆ, ಎಲ್ಲಿ ತೊಡಕಾಯಿತು ಅನ್ನುವುದು ಅಲ್ಲಿರುತ್ತದೆ.

ಜನಗಣತಿ ಬಳಸುವವರು ಒಂದು ವಿಷಯ ಗಮನಿಸಿ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಆಗ ಇದ್ದದ್ದು ಮೂರೇ ತಾಲೂಕು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಕುಶಾಲನಗರ, ಪೊನ್ನಂಪೇಟೆ ತಾಲೂಕುಗಳು ಆಮೇಲೆ ಬಂದವು. ಹಾಗಾಗಿ ಈಗಿನ ತಾಲೂಕು ಲೆಕ್ಕದಲ್ಲಿ ಹೋಲಿಸಬೇಕಾದರೆ ಗ್ರಾಮವಾರು ಪಟ್ಟಿ ತೆಗೆದು ನೀವೇ ಕೂಡಿಸಿಕೊಳ್ಳಬೇಕು.

ನನಗೆ ತುಂಬಾ ಇಷ್ಟವಾದ ಮೂಲ ಒಂದಿದೆ. ತೋಟದ ಮನೆಗಳ ಮಳೆ ಲೆಕ್ಕ. ಅಂಗಳದ ಮೂಲೆಯಲ್ಲಿ ಮಳೆ ಮಾಪಕ, ಒಳಗೆ ಮೇಜಿನ ಮೇಲೆ ಒಂದು ನೋಟ್ ಪುಸ್ತಕ, ಅದರಲ್ಲಿ ದಿನಾ ಬೆಳಗ್ಗೆ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದ ಸಾಲು. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕವೂ ಉಂಟು. ಭೂಗೋಳ, ಪರಿಸರ ವಿಜ್ಞಾನದವರಿಗೆ ಇದು ಬಹಳ ಬೆಲೆಬಾಳುವ ದಾಖಲೆ. ಆದರೆ ಬಳಸುವಾಗ ಎಚ್ಚರ ಬೇಕು. ಮಾಪಕ ಎಲ್ಲಿತ್ತು, ಮರದ ಕೆಳಗಾ, ಬಯಲಲ್ಲಾ? ಮನೆಯವರು ಊರಿನಲ್ಲಿ ಇಲ್ಲದ ದಿನ ಯಾರು ಬರೆದರು? ಖಾಲಿ ಬಿಟ್ಟ ದಿನ ಮಳೆ ಬಂದಿಲ್ಲವಾ, ಅಥವಾ ಬರೆಯಲು ಯಾರೂ ಇರಲಿಲ್ಲವಾ? ಒಂದು ಇಂಚು ಅಂದರೆ 25.4 ಮಿ.ಮೀ. ಹಾಗೆ ಬದಲಿಸಿಕೊಂಡು ಸರ್ಕಾರದ ಮಳೆ ಅಂಕಿಅಂಶದ ಜೊತೆ ಇಟ್ಟು ನೋಡಿ. ಎರಡೂ ಎಲ್ಲಿ ಬೇರೆಯಾಗುತ್ತವೆ ಅನ್ನುವುದನ್ನೇ ಒಂದು ಪ್ರಶ್ನೆ ಮಾಡಿಕೊಳ್ಳಬಹುದು.

ಇತಿಹಾಸದವರಿಗೆ ಒಂದೇ ಸೂಚನೆ. 1834ರಲ್ಲಿ ಬ್ರಿಟಿಷರ ಕೈಗೆ ಹೋದ ಕೊಡಗು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬೇರೆ ಆಡಳಿತದಲ್ಲಿತ್ತು. ಹಾಗಾಗಿ ದಾಖಲೆ ಒಂದೇ ಕಡೆ ಸಿಗುವುದಿಲ್ಲ. ಯಾವ ಕಡತ ಎಲ್ಲಿದೆ ಅಂತ ಪತ್ರ ಬರೆದು ಖಚಿತ ಮಾಡಿಕೊಂಡ ಮೇಲೆಯೇ ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ಕೊಡಿ.

ಹೆಜ್ಜೆ 3: ಸರ್ವೆ ಮಾಡುವುದಾದರೆ

ಎಷ್ಟು, ಯಾರಲ್ಲಿ ಜಾಸ್ತಿ, ಯಾವುದರ ಜೊತೆ ಯಾವುದಕ್ಕೆ ನಂಟು ಅನ್ನುವ ಪ್ರಶ್ನೆಗಳಿಗೆ ಸರ್ವೆ ಸರಿ. ಆದರೆ ಮೊದಲು, ಲೆಕ್ಕ ಹಾಕುವ ಘಟಕ ಯಾವುದು ಅಂತ ತೀರ್ಮಾನಿಸಿ. ವ್ಯಕ್ತಿಯಾ, ಮನೆಯಾ, ತೋಟವಾ, ಒಕ್ಕವಾ (ಒಂದೇ ಮೂಲದ ಕೊಡವ ಮನೆತನ)? ಕೊಡಗಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಜಮ್ಮಾ ಜಾಗದ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ) ದಾಖಲೆಯಲ್ಲಿ ಪಟ್ಟೇದಾರರ, ಅಂದರೆ ಒಕ್ಕದ ಹಿರಿಯರ, ಹೆಸರು ಇರುತ್ತದೆ, ಕೃಷಿ ಮಾಡುವವರು ಅದೇ ಒಕ್ಕದ ಬೇರೆ ಬೇರೆ ಮನೆಯವರಾಗಿರುತ್ತಾರೆ. ದಾಖಲೆ ನೋಡಿ ಪಟ್ಟಿ ಮಾಡಿದರೆ ಹತ್ತು ಮನೆ ಒಂದೇ ಹೆಸರಿನೊಳಗೆ ಮರೆಯಾಗಬಹುದು.

ಆಮೇಲೆ ಪಟ್ಟಿ. ಪಂಚಾಯಿತಿಯಲ್ಲಿ ಮನೆ ಪಟ್ಟಿ, ಮತದಾರರ ಪಟ್ಟಿ, ಸಹಕಾರ ಸಂಘದ ಸದಸ್ಯರ ಪಟ್ಟಿ, ಹೀಗೆ ಯಾವುದಾದರೂ ಒಂದು ಬೇಕು. ಪಟ್ಟಿ ಇದ್ದರೆ ಚೀಟಿ ಎತ್ತಬಹುದು, ಅಥವಾ ಪ್ರತಿ ಐದನೇ ಮನೆ ಅಂತ ತೆಗೆಯಬಹುದು. ಪಟ್ಟಿ ಇಲ್ಲದೆ ಕುಶಾಲನಗರ ಬಸ್ ನಿಲ್ದಾಣದಲ್ಲಿ ನಿಂತು ಸಿಕ್ಕಿದ ನೂರು ಜನರನ್ನು ಕೇಳಿದರೆ, ಅದು ಆ ಹೊತ್ತಿಗೆ ಅಲ್ಲಿ ಸಿಕ್ಕ ನೂರು ಜನರ ಮಾತು ಅಷ್ಟೇ. 'ಕೊಡಗಿನ ಜನ ಹೀಗೆ ಹೇಳುತ್ತಾರೆ' ಅಂತ ಅದರಿಂದ ಬರೆಯಲು ಬರುವುದಿಲ್ಲ.

ಈಗ ಆ ನೂರರ ಲೆಕ್ಕಕ್ಕೆ ಬರೋಣ. ನಿಮ್ಮ ಪಟ್ಟಿಯಲ್ಲಿ 600 ಮನೆ ಇವೆ ಅಂತಿಟ್ಟುಕೊಳ್ಳಿ. 95% ವಿಶ್ವಾಸ ಮಟ್ಟ (ನೂರು ಸಲ ಹೀಗೆ ಆರಿಸಿದರೆ ಸುಮಾರು 95 ಸಲ ಉತ್ತರ ಮಿತಿಯೊಳಗೆ ಬರುವುದು), ಶೇ. 5ರಷ್ಟು ಆಚೀಚೆ ಸಾಕು ಅಂದರೆ, ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ 234 ಮನೆ ಬೇಕು. ಒಬ್ಬರೇ ಅಷ್ಟು ಸುತ್ತುವುದು ಕಷ್ಟ. ಶೇ. 10ರಷ್ಟು ಆಚೀಚೆ ಒಪ್ಪಿಕೊಂಡರೆ 83 ಮನೆ ಸಾಕು. ಅಂದರೆ ನೂರು ತಪ್ಪು ಅಂತ ನಾನು ಹೇಳುತ್ತಿಲ್ಲ. ನೂರು ತೆಗೆದುಕೊಂಡರೆ ಶೇ. 10ರ ಒಳಗಿನ ಆಚೀಚೆಯಲ್ಲಿ ಹೇಳುತ್ತಿದ್ದೇನೆ ಅಂತ ಬರೆಯಬೇಕು, ಮತ್ತು ಮನೆಗಳನ್ನು ಚೀಟಿ ಎತ್ತಿಯೇ ಆರಿಸಿರಬೇಕು. ಈ ಲೆಕ್ಕವೆಲ್ಲ ಹಾಗೆ ಆರಿಸಿದ ಮಾದರಿಗೆ ಮಾತ್ರ ಸಲ್ಲುತ್ತದೆ.

ಪ್ರಶ್ನೆ ಬರೆಯುವಾಗ ಜನ ಬದುಕುವ ಲೆಕ್ಕದಲ್ಲೇ ಕೇಳಿ. 'ನಿಮ್ಮ ವಾರ್ಷಿಕ ಆದಾಯ ಎಷ್ಟು?' ಅಂದರೆ ತೋಟದ ಕಾರ್ಮಿಕರೊಬ್ಬರು ಏನು ಹೇಳಬೇಕು? 'ಕಳೆದ ವಾರ ಎಷ್ಟು ದಿನ ಕೆಲಸ ಸಿಕ್ಕಿತು? ಕೊಯ್ಲಿಗೆ ಕೆ.ಜಿ. ಲೆಕ್ಕವಾ, ದಿನಗೂಲಿಯಾ? ಮಳೆಗಾಲದಲ್ಲಿ ವಾರಕ್ಕೆ ಎಷ್ಟು ದಿನ?' ಹೀಗೆ ಕೇಳಿ, ವರ್ಷದ ಲೆಕ್ಕ ನೀವು ಹಾಕಿ. ಬೆಳೆಗಾರರನ್ನು ಕೇಳುವಾಗ ಫಸಲನ್ನು ಮೂಟೆಯಲ್ಲಿ ಕೇಳಿ, ಜೊತೆಗೆ ಅರೇಬಿಕಾ ಪಾರ್ಚ್‌ಮೆಂಟಾ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು), ರೊಬಸ್ಟಾ ಚೆರಿಯಾ (ಹಣ್ಣನ್ನು ಹಾಗೇ ಒಣಗಿಸಿದ್ದು) ಅಂತ ತಪ್ಪದೆ ಬರೆದುಕೊಳ್ಳಿ. ಪಾರ್ಚ್‌ಮೆಂಟ್, ಚೆರಿ ಎರಡನ್ನೂ ಒಂದೇ ಕಾಲಂನಲ್ಲಿ ಕೂಡಿಸಿದರೆ ಇಡೀ ಕೋಷ್ಟಕ ಕೆಟ್ಟುಹೋಗುತ್ತದೆ.

ಪ್ರಶ್ನಾವಳಿ ಬರೆದ ಮೇಲೆ ಹತ್ತು ಹದಿನೈದು ಜನರ ಹತ್ತಿರ ಮೊದಲು ಪರೀಕ್ಷಿಸಿ ನೋಡಿ. ಅವರನ್ನು ಕೊನೆಯ ಲೆಕ್ಕಕ್ಕೆ ಸೇರಿಸಬೇಡಿ. ಯಾವ ಪ್ರಶ್ನೆಗೆ ಎಲ್ಲರೂ ತಡೆದು ನಿಂತು 'ಹಂಗಂದ್ರೆ?' ಅನ್ನುತ್ತಾರೋ ಅದನ್ನು ತಿದ್ದಿ. ಫೋನಿನಲ್ಲಿ ತುಂಬಿಸುವುದಾದರೆ ಕೋಬೋ ಟೂಲ್‌ಬಾಕ್ಸ್ ಒಳ್ಳೆಯದು, ನೆಟ್‌ವರ್ಕ್ ಇಲ್ಲದ ಕಡೆಯೂ ಉತ್ತರ ಉಳಿಸಿಕೊಳ್ಳುತ್ತದೆ. ಗೂಗಲ್ ಫಾರ್ಮ್ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಉತ್ತರ ಬೇಗ ಬರುತ್ತದೆ, ನಿಜ. ಆದರೆ ಲೈನ್ ಮನೆಯಲ್ಲಿರುವವರ (ತೋಟದ ಕಾರ್ಮಿಕರ ಸಾಲುಮನೆಯವರ) ಉತ್ತರ ಅದರಲ್ಲಿ ಬರುವುದಿಲ್ಲ.

ಹೆಜ್ಜೆ 4: ಸಂದರ್ಶನವಾದರೆ

ಯಾಕೆ, ಹೇಗೆ, ಅವರಿಗೆ ಅದು ಏನು ಅನಿಸುತ್ತದೆ ಅನ್ನುವ ಪ್ರಶ್ನೆಗಳಿಗೆ ಸಂದರ್ಶನ. ಇದು ಸುಲಭ ಅಂತ ಹಲವರು ತಿಳಿದುಕೊಂಡಿದ್ದಾರೆ. ಅಲ್ಲ. ಒಂದು ಗಂಟೆಯ ರೆಕಾರ್ಡಿಂಗನ್ನು ಬರೆದಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವರ ಮಾತಿನಲ್ಲಿ ನಡೆದ ಸಂದರ್ಶನವನ್ನು ಕನ್ನಡಕ್ಕೋ ಇಂಗ್ಲಿಷಿಗೋ ತರಬೇಕಾದರೆ ಇನ್ನೂ ಜಾಸ್ತಿ.

ಎಷ್ಟು ಜನ ಸಾಕು? ಹೊಸ ವಿಷಯ ಬರುವುದು ನಿಂತಾಗ ನಿಲ್ಲಿಸಿ ಅಂತ ಪುಸ್ತಕಗಳು ಹೇಳುತ್ತವೆ. 2006ರಲ್ಲಿ ಗ್ರೆಗ್ ಗೆಸ್ಟ್ ಮತ್ತು ಜೊತೆಗಾರರು ಪಶ್ಚಿಮ ಆಫ್ರಿಕಾದ 60 ಸಂದರ್ಶನಗಳನ್ನು ಪರಿಶೀಲಿಸಿದಾಗ, ಮುಖ್ಯ ವಿಷಯಗಳಲ್ಲಿ ಹೆಚ್ಚಿನವು ಮೊದಲ 12 ಸಂದರ್ಶನಗಳಲ್ಲೇ ಬಂದುಬಿಟ್ಟಿದ್ದವು. ಆದರೆ ಅಲ್ಲಿ ಮಾತಾಡಿಸಿದವರು ಹೆಚ್ಚುಕಡಿಮೆ ಒಂದೇ ಬಗೆಯ ಪರಿಸ್ಥಿತಿಯವರು, ಕೇಳಿದ ಪ್ರಶ್ನೆಗಳೂ ಒಂದೇ. ನೀವು ಮಾಲೀಕರು, ಕಾರ್ಮಿಕರು, ಮೇಸ್ತ್ರಿಗಳು ಅಂತ ಮೂರು ಗುಂಪನ್ನು ಮಾತಾಡಿಸುವುದಾದರೆ 12 ಸಾಲದು. ಪಿ.ಜಿ. ಮಟ್ಟದಲ್ಲಿ ಒಂದೇ ಗುಂಪು ಹಿಡಿದು ಆಳಕ್ಕೆ ಹೋಗುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಎಲ್ಲಿ ಕೂತು ಮಾತಾಡುತ್ತೀರಿ ಅನ್ನುವುದು ಏನು ಕೇಳುತ್ತೀರಿ ಅನ್ನುವಷ್ಟೇ ಮುಖ್ಯ. ತೋಟಕ್ಕೆ ಹೋಗಲು ಮಾಲೀಕರ ಅನುಮತಿ ಬೇಕು, ಅದು ಸರಿಯೇ. ಮಾಲೀಕರು ಪ್ರೀತಿಯಿಂದ ಕಾಫಿ ಕೊಟ್ಟು, ರೈಟರನ್ನು (ತೋಟದ ಲೆಕ್ಕ ಬರೆಯುವವರನ್ನು) ಜೊತೆಗೆ ಕಳಿಸುತ್ತಾರೆ. ಲೈನ್ ಮನೆ ಜಗಲಿಯಲ್ಲಿ ರೈಟರು ಪಕ್ಕದಲ್ಲಿ ನಿಂತಿರುವಾಗ 'ಕೂಲಿ ಸರಿಯಾಗಿ ಸಿಗುತ್ತದಾ?' ಅಂತ ಕೇಳಿದರೆ ಆ ಹೆಂಗಸು ಮೊದಲು ರೈಟರ ಮುಖ ನೋಡುತ್ತಾಳೆ, ಆಮೇಲೆ 'ಸಿಗುತ್ತೆ' ಅನ್ನುತ್ತಾಳೆ. ಆ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಅದೇ ಮಾತನ್ನು ಸಂತೆಯ ದಿನ, ಅಂಗನವಾಡಿ ಹತ್ತಿರ, ಸಂಜೆ ನೀರು ಹಿಡಿಯುವ ಹೊತ್ತಿನಲ್ಲಿ ಕೇಳಿ ನೋಡಿ. ಉತ್ತರ ಉದ್ದವಾಗುತ್ತದೆ. ಅಸ್ಸಾಂ ಕಡೆಯಿಂದ ಬಂದವರನ್ನು ಮಾತಾಡಿಸುವಾಗ ಅವರ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರನ್ನು ಕೆಲಸಕ್ಕೆ ಕರೆತಂದ ಗುತ್ತಿಗೆದಾರನನ್ನೇ ದುಭಾಷಿ ಮಾಡಿಕೊಳ್ಳಬೇಡಿ.

ರೆಕಾರ್ಡ್ ಮಾಡುವ ಮೊದಲು ಕೇಳಿ, ಬೇಡ ಅಂದರೆ ಕೈಬರಹದಲ್ಲಿ ಬರೆದುಕೊಳ್ಳಿ. ಜುಲೈಯಲ್ಲಿ ಶೀಟಿನ ಮನೆಯೊಳಗೆ ರೆಕಾರ್ಡ್ ಮಾಡಿದರೆ ಮಳೆ ಸದ್ದು ಬಿಟ್ಟು ಏನೂ ಕೇಳಿಸುವುದಿಲ್ಲ, ಅದಕ್ಕೂ ನೋಟ್‌ಬುಕ್ ಕೈಯಲ್ಲಿರಲಿ.

ಹಾಡು, ಪದ್ಧತಿ, ಹಿರಿಯರ ನೆನಪು ಸಂಗ್ರಹಿಸುವ ಜಾನಪದದ ವಿದ್ಯಾರ್ಥಿಗಳಿಗೆ ಇಲ್ಲೇ ಒಬ್ಬರು ಮುಂದೆ ನಡೆದಿದ್ದಾರೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಹಾಡು, ಆಚಾರಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದರು. ನೀವು ಈಗ ಸಂಗ್ರಹಿಸುವಾಗ ಯಾರು ಹಾಡಿದರು, ಯಾವ ಊರು, ಯಾವ ಸಂದರ್ಭ, ಯಾರಿಂದ ಕಲಿತರು ಅನ್ನುವುದನ್ನು ಪ್ರತಿ ಹಾಡಿನ ಜೊತೆ ಬರೆಯಿರಿ. ಆ ವಿವರ ಇದ್ದರೆ ಮುಂದಿನವರು ಬಂದು ಹೋಲಿಸಿ ನೋಡಬಹುದು.

ಹೆಜ್ಜೆ 5: ನೋಡುವುದು, ಅಳೆಯುವುದು

ಜನ ಹೇಳುವುದು ಬೇರೆ, ಮಾಡುವುದು ಬೇರೆ ಆಗಿರುವ ಕಡೆ ಅವಲೋಕನ ಬೇಕು. ಕಸ ವಿಂಗಡಿಸುತ್ತೀರಾ ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಅಲ್ವಾ? ಬುಟ್ಟಿ ನೋಡಬೇಕು.

ಕೃಷಿ, ಅರಣ್ಯ, ಸಸ್ಯಶಾಸ್ತ್ರದವರಿಗೆ ಪ್ರಯೋಗದ ವಿನ್ಯಾಸವೇ ಮುಖ್ಯ. ನಮ್ಮ ತೋಟಗಳು ಇಳಿಜಾರು, ನೆರಳೂ ಒಂದೇ ಸಮ ಇರುವುದಿಲ್ಲ. ರಾಂಡಮೈಸ್ಡ್ ಬ್ಲಾಕ್ ಡಿಸೈನ್ (ಜಾಗವನ್ನು ಬ್ಲಾಕ್‌ಗಳಾಗಿ ಮಾಡಿ, ಪ್ರತಿ ಬ್ಲಾಕ್‌ನಲ್ಲೂ ಹೋಲಿಸುವ ಎಲ್ಲ ಬಗೆಯನ್ನೂ ಚೀಟಿ ಎತ್ತಿ ಹಂಚುವ ವಿನ್ಯಾಸ) ಹಾಕುವಾಗ ಒಂದು ಬ್ಲಾಕ್ ಪೂರ್ತಿ ಒಂದೇ ಎತ್ತರದಲ್ಲಿ, ಒಂದೇ ಬಗೆಯ ನೆರಳಿನಲ್ಲಿ ಬರುವಂತೆ ಸಮಪಾತಳಿಯ ಉದ್ದಕ್ಕೆ ಗುರುತಿಸಿ. ಬ್ಲಾಕನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಗೊಬ್ಬರದ ವ್ಯತ್ಯಾಸವೂ ಇಳಿಜಾರಿನ ವ್ಯತ್ಯಾಸವೂ ಬೆರೆತುಹೋಗುತ್ತವೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಂಬಾರ ಬೆಳೆ ಕೇಂದ್ರದಂಥ ಕಡೆ ಇಂಥ ಪ್ರಯೋಗ ಮಾಡಿದ ಅನುಭವಿಗಳಿದ್ದಾರೆ. ವಿಭಾಗದ ಪತ್ರ ಹಿಡಿದುಕೊಂಡು ಹೋಗಿ ವಿನ್ಯಾಸ ತೋರಿಸಿ, ಗಿಡ ನೆಡುವ ಮೊದಲೇ.

ಸರ್ವೆ, ಸಂದರ್ಶನ ಎರಡೂ ಸೇರಿಸಿ ಮಿಶ್ರ ವಿಧಾನ ಮಾಡಬಹುದಾ? ಮಾಡಬಹುದು, ಒಂದು ಇನ್ನೊಂದಕ್ಕೆ ಕೆಲಸ ಕೊಡುವುದಾದರೆ ಮಾತ್ರ. ಮೊದಲು ಎಂಟು ಹತ್ತು ಸಂದರ್ಶನ ಮಾಡಿ, ಅದರಿಂದ ಸರ್ವೆಯ ಪ್ರಶ್ನೆ ಕಟ್ಟಿದರೆ ಅರ್ಥ ಉಂಟು. ಸಿನಾಪ್ಸಿಸ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಎರಡನ್ನೂ ಸೇರಿಸಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಹೆಜ್ಜೆ 6: ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಎಷ್ಟೇ ಒಳ್ಳೆಯ ವಿಧಾನವಾದರೂ ತಪ್ಪು ತಿಂಗಳಲ್ಲಿ ಹೊರಟರೆ ಕೈಗೂಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ರಸ್ತೆಗೆ ಮರ ಬೀಳುತ್ತದೆ. ಈ ತಿಂಗಳುಗಳನ್ನು ಓದಲು, ದಾಖಲೆ ನೋಡಲು, ಪ್ರಶ್ನಾವಳಿ ಕಟ್ಟಲು ಇಟ್ಟುಕೊಳ್ಳಿ. ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು, ಆಮೇಲೆ ಮಾರ್ಚ್‌ವರೆಗೂ ರೊಬಸ್ಟಾ. ಆ ಹೊತ್ತಿನಲ್ಲಿ ಬೆಳೆಗಾರರು ಹಗಲು ಮಾತಿಗೆ ಸಿಗುವುದಿಲ್ಲ. ಆದರೆ ವಲಸೆ ಕಾರ್ಮಿಕರ ಬಗ್ಗೆ ಅಧ್ಯಯನ ಮಾಡುವವರಿಗೆ ಅದೇ ಸರಿಯಾದ ಸಮಯ, ಕೊಯ್ಲು ಮುಗಿದ ಮೇಲೆ ಅನೇಕರು ಹೊರಟುಹೋಗಿರುತ್ತಾರೆ. ಪುತ್ತರಿ (ಸುಗ್ಗಿ ಹಬ್ಬ) ಸಮಯದಲ್ಲಿ ಮನೆ ಮಂದಿಯೆಲ್ಲ ಐನ್‌ಮನೆಗೆ (ಒಕ್ಕದ ಮೂಲ ಮನೆಗೆ) ಬರುತ್ತಾರೆ. ಕುಟುಂಬದ ಅಧ್ಯಯನಕ್ಕೆ ಅದು ಅವಕಾಶ, ಸರ್ವೆಗೆ ಅಲ್ಲ.

ಹೆಜ್ಜೆ 7: ಅನುಮತಿ, ಒಪ್ಪಿಗೆ, ಜೋಪಾನ

ಕಾಡಿನೊಳಗಿನ ಹಾಡಿಗಳಿಗೆ (ಬುಡಕಟ್ಟು ಜನರ ವಸತಿಗಳಿಗೆ) ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಗೆ ಸಮಯ ಹಿಡಿಯುತ್ತದೆ, ಬೇಗ ಅರ್ಜಿ ಹಾಕಿ. ಅನುಮತಿ ಪತ್ರ ಸಿಕ್ಕಿತು ಅಂದರೆ ಹಾಡಿಯವರ ಒಪ್ಪಿಗೆ ಸಿಕ್ಕಿತು ಅಂತ ಅಲ್ಲ. ಜೇನುಕುರುಬರು ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಲಾದ ಸಮುದಾಯ. ಅವರ ಹತ್ತಿರ ಪ್ರಶ್ನಾವಳಿ ಹಿಡಿದು ಬಂದವರು ತುಂಬಾ ಜನ. ಯಾಕೆ ಬಂದಿದ್ದೀರಿ, ಇದರಿಂದ ಅವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಮೊದಲೇ ನೇರವಾಗಿ ಹೇಳಿ. ಮನೆ ಕೊಡಿಸುತ್ತಾರೆ, ಹಕ್ಕುಪತ್ರ ಕೊಡಿಸುತ್ತಾರೆ ಅನ್ನುವ ಆಸೆ ಹುಟ್ಟಿಸಬೇಡಿ. ಹೆಸರು, ಫೋಟೋ ಪ್ರಬಂಧದಲ್ಲಿ ಹಾಕಬೇಡಿ. ಸಣ್ಣ ಊರಲ್ಲಿ ಹೆಸರು ಬದಲಿಸಿದರೂ 'ಪಂಚಾಯಿತಿ ಮಾಜಿ ಅಧ್ಯಕ್ಷೆ' ಅಂದರೆ ಎಲ್ಲರಿಗೂ ಯಾರು ಅಂತ ಗೊತ್ತಾಗುತ್ತದೆ, ಅದನ್ನೂ ಮರೆಮಾಡಿ. ಆರೋಗ್ಯಕ್ಕೆ ಸಂಬಂಧಿಸಿದ ಅಧ್ಯಯನವಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಶುರು ಮಾಡಲೇಬೇಡಿ.

ಸಂಗ್ರಹಿಸಿದ್ದನ್ನು ಒಂದಕ್ಕಿಂತ ಹೆಚ್ಚು ಕಡೆ ಇಡಿ. ಕೊಡವರ ಬಗ್ಗೆ ಅಧ್ಯಯನ ಮಾಡಿ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಎಂ.ಎನ್. ಶ್ರೀನಿವಾಸ್ ಅವರು ಆಮೇಲೆ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು. 18 ವರ್ಷ ಕೂತು ಸಿದ್ಧಪಡಿಸಿದ್ದ ಆ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಕೋಣೆಯಲ್ಲಿದ್ದವು. ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು, ಎಲ್ಲಾ ಸುಟ್ಟುಹೋಯಿತು. ಆ ಹಳ್ಳಿಯ ಬಗ್ಗೆ 'ದಿ ರಿಮೆಂಬರ್ಡ್ ವಿಲೇಜ್' ಪುಸ್ತಕವನ್ನು ಅವರು ಬಹುಪಾಲು ನೆನಪಿನಿಂದ ಬರೆಯಬೇಕಾಯಿತು. ನಿಮ್ಮ ಫೋನ್, ಲ್ಯಾಪ್‌ಟಾಪ್, ಪೆನ್‌ಡ್ರೈವ್ ಮೂರೂ ಒಂದೇ ಬ್ಯಾಗಿನಲ್ಲಿದ್ದರೆ ಅದು ಒಂದೇ ಪ್ರತಿ ಇದ್ದಂತೆ.

ಹೆಜ್ಜೆ 8: ವಿಶ್ಲೇಷಣೆಯನ್ನು ಮೊದಲೇ ಬರೆದಿಡಿ

ಮಾಹಿತಿ ತಂದ ಮೇಲೆ 'ಇದಕ್ಕೆ ಯಾವ ಟೆಸ್ಟ್ ಹಾಕಲಿ?' ಅಂತ ಕೇಳುವ ಸ್ಥಿತಿ ಬರಬಾರದು. ಹೊರಡುವ ಮೊದಲೇ ಖಾಲಿ ಕೋಷ್ಟಕ ಬರೆದಿಡಿ, ಅಡ್ಡಸಾಲಿಗೆ ಏನು, ಕಾಲಂಗೆ ಏನು ಅಂತ. ಯಾವ ಕೋಷ್ಟಕಕ್ಕೂ ಬೇಕಾಗದ ಪ್ರಶ್ನೆ ಪ್ರಶ್ನಾವಳಿಯಲ್ಲಿದ್ದರೆ ತೆಗೆದುಹಾಕಿ. ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ ಮಾಡುವವರು ಕೋಷ್ಟಕದಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಚೌಕಗಳು ಶೇ. 20ಕ್ಕಿಂತ ಜಾಸ್ತಿ ಆದರೆ ನಿಲ್ಲಿಸಿ, ಗುಂಪುಗಳನ್ನು ಕೂಡಿಸಿ ಅಥವಾ ಫಿಶರ್ ಪರೀಕ್ಷೆ ಮಾಡಿ. ಅಂಕಿಅಂಶದ ತಂತ್ರಾಂಶ ಎಸ್‌ಪಿಎಸ್‌ಎಸ್ ಕೊಳ್ಳಲು ದುಡ್ಡಿಲ್ಲ ಅಂತ ಕದ್ದ ಪ್ರತಿ ಹಾಕಿಕೊಳ್ಳುವುದು ಬೇಡ. ಜಮೋವಿ, ಜಾಸ್ಪ್, ಆರ್ ಪುಕ್ಕಟೆ ಸಿಗುತ್ತವೆ. ನಕ್ಷೆಗೆ ಕ್ಯೂಜಿಐಎಸ್, ಸಂದರ್ಶನದ ಕೋಡಿಂಗ್‌ಗೆ (ಮಾತುಗಳನ್ನು ವಿಷಯವಾರು ಗುರುತಿಸಲು) ಟ್ಯಾಗೆಟ್, ಉಲ್ಲೇಖಗಳಿಗೆ ಝೊಟೆರೊ ಸಾಕು.

ಗೈಡ್ ಒಪ್ಪದಿದ್ದರೆ?

ಇದು ನಿಜವಾಗಿ ಬರುವ ತೊಂದರೆ. ಕೆಲವು ವಿಭಾಗಗಳಲ್ಲಿ ಕೋಷ್ಟಕ, ಪೈ ಚಾರ್ಟ್ ಇಲ್ಲದಿದ್ದರೆ ಸಂಶೋಧನೆಯೇ ಅಲ್ಲ ಅನ್ನುವ ನಂಬಿಕೆ ಇನ್ನೂ ಇದೆ. ವಾದ ಮಾಡಲು ಹೋಗಬೇಡಿ. ಒಂದು ಪುಟದಲ್ಲಿ ಪ್ರಶ್ನೆ, ಉತ್ತರ ಯಾರ ಹತ್ತಿರ ಇದೆ, ಅವರನ್ನು ಹೇಗೆ ಆರಿಸುತ್ತೀರಿ, ಏನು ಕೇಳುತ್ತೀರಿ, ಯಾವ ತಿಂಗಳಲ್ಲಿ, ಹೇಗೆ ವಿಶ್ಲೇಷಿಸುತ್ತೀರಿ ಅಂತ ಬರೆಯಿರಿ. ಜೊತೆಗೆ ಎರಡು ಸಂದರ್ಶನ ಮಾಡಿ, ಬರೆದಿಳಿಸಿ, ಕೋಡ್ ಮಾಡಿದ ನಾಲ್ಕೈದು ಪುಟ ತೆಗೆದುಕೊಂಡು ಹೋಗಿ. ಅದೇ ಪ್ರಶ್ನೆಯನ್ನು ಪ್ರಶ್ನಾವಳಿಯಲ್ಲಿ ಕೇಳಿದಾಗ ಬಂದ ಹತ್ತು ಉತ್ತರಗಳನ್ನೂ ಪಕ್ಕದಲ್ಲಿಡಿ. ಎರಡನ್ನೂ ನೋಡಿದ ಮೇಲೂ ಸರ್ವೆಯೇ ಆಗಬೇಕು ಅಂದರೆ, ಎಣಿಸಿ ಉತ್ತರ ಕಂಡುಕೊಳ್ಳಬಹುದಾದ ರೀತಿಯಲ್ಲಿ ನಿಮ್ಮ ಪ್ರಶ್ನೆಯನ್ನೇ ತಿದ್ದಿ ಬರೆಯಿರಿ, ಹಳೆಯ ಪ್ರಶ್ನೆಯನ್ನು ಹಾಗೇ ಇಟ್ಟುಕೊಂಡು ಸರ್ವೆಗೆ ಹೊರಡಬೇಡಿ.